ಗುಂಡ್ಯ ದಾಟಿದ ಮೇಲೆ ಎಳೆಯದ ಕಾರು

ಹಾಸನ
ಭಾನುವಾರ

ಪುಟ್ಟಿ,

ನಿನ್ನೆ ಫೋನಿನಲ್ಲಿ "ಸರಿಹೋಯ್ತು ಬಿಡಪ್ಪ, ಕಾರು ಕೊಟ್ರು" ಅಂದೆ. ಏಳು ತಿಂಗಳಲ್ಲಿ ಈ ಮಾತು ಕೇಳುತ್ತಿರುವುದು ಇದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಹೂಂ ಹೂಂ ಅಂದು ಮುಗಿಸಿಬಿಡುತ್ತೀಯ.

ಇದರಲ್ಲಿ ನನ್ನ ತಪ್ಪೂ ಇದೆ. ಸೆಕೆಂಡ್ ಹ್ಯಾಂಡ್ ನೋಡೋಣ ಅಂದಿದ್ದೆ ನೀನು. "ಹೊಸದೇ ತಗೋ, ತಲೆನೋವಿರಲ್ಲ" ಅಂದವನು ನಾನು. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಗ್ರೀಸ್ ಮೆತ್ತಿಕೊಂಡವನ ಮಾತು ಅಂತ ನಂಬಿದೆ.

ಏರಿನಲ್ಲಿ ಕಾರು ಎಳೆಯುತ್ತಿಲ್ಲ ಅಂತ ಶೋರೂಮಿಗೆ ಬಿಟ್ಟಾಗ ಮೊದಲ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಅಂದರು. ಆಮೇಲೆ ಒಂದು ಸೆನ್ಸರ್. ಆಮೇಲೆ ಹಿಂದಿನ ಸೀಟು ಎತ್ತಿ ಫ್ಯುಯೆಲ್ ಪಂಪನ್ನೇ ಬದಲಾಯಿಸಿದರು. ಈ ಸಲ "ಏನೂ ಕಾಣಲಿಲ್ಲ ಮೇಡಂ". ಕಾಣುವುದಾದರೂ ಹೇಗೆ? ನಿನ್ನ ಕಾರು ಕೈಕೊಡುವುದು ಶಿರಾಡಿ ಘಾಟಿಯಲ್ಲಿ, ಗುಂಡ್ಯ ದಾಟಿ ಏರು ಶುರುವಾದ ಮೇಲೆ. ಅವರು ಓಡಿಸಿ ನೋಡುವುದು ಶೋರೂಮಿನ ಆಚೆ ಈಚೆ ಎರಡು ಕಿಲೋಮೀಟರ್. ಏರಿನಲ್ಲಿ ಇಂಜಿನ್‌ಗೆ ಭಾರ ಬಿದ್ದಾಗ ಪೆಟ್ರೋಲ್ ಒತ್ತಡವೋ ಟರ್ಬೋ ಗಾಳಿಯೋ ಸಾಲದಿದ್ದರೆ, ಇಂಜಿನ್ ಹಾಳಾಗದಿರಲಿ ಅಂತ ಕಾರಿನ ಕಂಪ್ಯೂಟರೇ ಪವರ್ ಇಳಿಸುತ್ತದೆ. ಕೀ ತೆಗೆದು ಹಾಕಿದರೆ ಎಷ್ಟೋ ಸಲ ಸರಿಯಾದ ಹಾಗೆ ಕಾಣುತ್ತದೆ.

ನಮ್ಮಲ್ಲೂ ಇಂಥ ಬಸ್ಸುಗಳಿದ್ದವು. ಧರ್ಮಸ್ಥಳ ರೂಟಿನ ಡ್ರೈವರ್ ಬಂದು "ಘಾಟಿಯಲ್ಲಿ ಎಳೀತಿಲ್ಲ" ಅನ್ನುತ್ತಿದ್ದ. ಶೆಡ್ಡಿನಲ್ಲಿ ರೇಸ್ ಮಾಡಿದರೆ ಬಂಗಾರದಂಥ ಇಂಜಿನ್! ಕೊನೆಗೆ ನಮ್ಮಲ್ಲೊಬ್ಬರು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಅವನ ಜೊತೆಗೇ ಹೋಗಬೇಕಾಗುತ್ತಿತ್ತು. ನಾನೂ ಹೋಗಿದ್ದೇನೆ. ಪುಕ್ಕಟೆ ಮಂಜುನಾಥನ ದರ್ಶನವೂ ಆಗುತ್ತಿತ್ತು ಅನ್ನು.

ನೀನೂ ಅದನ್ನೇ ಕೇಳು. ಟೆಕ್ನಿಷಿಯನ್ ಆ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಕೊಂಡು ಘಾಟಿಯವರೆಗೆ ಬರಲಿ, ಏರುವಾಗ ಬರುವ ಅಂಕಿ ಅಂಶ ರೆಕಾರ್ಡ್ ಮಾಡಲಿ. ಕಾರಿನಲ್ಲಿ ಉಳಿದಿರುವ ದೋಷದ ಕೋಡ್ ಅಳಿಸುವ ಮೊದಲು ಪ್ರಿಂಟ್ ತಗೋ.

ಇನ್ನು ಆ ಜಾಬ್ ಕಾರ್ಡ್, ಶೋರೂಮಿನವರು ದೂರು ಬರೆದುಕೊಳ್ಳುವ ಚೀಟಿ. ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ. "ಜನರಲ್ ಚೆಕಪ್" ಅಂತ ಬರೆದಿದ್ದಾರೆ! ನನಗೆ ಸಿಟ್ಟು ಬಂದಿದ್ದು ಅಲ್ಲೇ. "ಏರಿನಲ್ಲಿ ಪವರ್ ಬೀಳುತ್ತದೆ, ಇದೇ ದೂರು ನಾಲ್ಕನೇ ಸಲ" ಅಂತ ಬರೆಸದೆ ಸಹಿ ಹಾಕಬೇಡ. ಇಲ್ಲದಿದ್ದರೆ ಒಂದೇ ರೋಗ ಕಾಗದದ ಮೇಲೆ ನಾಲ್ಕು ಬೇರೆ ಬೇರೆ ಸಣ್ಣ ಕೆಲಸಗಳಾಗಿ ಉಳಿಯುತ್ತದೆ.

ಜಗಳಕ್ಕೆ ಹೋಗು ಅನ್ನುತ್ತಿಲ್ಲ. ಮೊದಲು ಕಂಪನಿಗೆ ಇಮೇಲ್ ಹಾಕು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡು. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀನಿರುವ ಮಂಗಳೂರಿನಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಫೀಸು 400 ರೂಪಾಯಿ ಅಷ್ಟೇ. ಆದರೆ ಅಲ್ಲಿ ನಮ್ಮ ಸಂಕಟ ನಡೆಯುವುದಿಲ್ಲ, ಕಾಗದ ನಡೆಯುತ್ತದೆ.

ಎಲ್ಲಕ್ಕಿಂತ ಮೊದಲು ಇನ್ನೊಂದು. ಹೋದ ಸಲ ಬಂದಾಗ ಹಿಂದೆ ಕೂತಿದ್ದ ನಿನ್ನಮ್ಮ "ಪೆಟ್ರೋಲ್ ವಾಸನೆ" ಅಂದಳು. ನಾವಿಬ್ಬರೂ ನಕ್ಕುಬಿಟ್ಟೆವು. ಆಮೇಲೆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪಂಪ್ ಇರುವುದು ಅದೇ ಸೀಟಿನ ಕೆಳಗೆ. ಬಿಚ್ಚಿದವರು ಸೀಲ್ ಸರಿಯಾಗಿ ಕೂರಿಸದಿದ್ದರೆ? ಕಾರು ಪದೇ ಪದೇ ಬಿಚ್ಚಿಸುವುದೆಂದರೆ ನನಗೆ ಭಯವಾಗುವುದು ಇದಕ್ಕೇ. ಒಂದು ಸರಿಮಾಡಲು ಹೋಗಿ ಇನ್ನೊಂದು ಸಡಿಲ ಬಿಟ್ಟಿರುತ್ತಾರೆ. ನಾಳೆ ಆಫೀಸಿಗೆ ಆಟೋದಲ್ಲಿ ಹೋಗು. ಅವರನ್ನೇ ಕರೆಸಿ ಅದನ್ನು ನೋಡಿಸು.

ಅಲ್ಲಿಯವರೆಗೆ ಈ ಕಡೆ ಕಾರಿನಲ್ಲಿ ಬರಬೇಡ. ರಾತ್ರಿ ಹೊತ್ತು, ಹಿಂದೆ ಟ್ಯಾಂಕರ್ ಲಾರಿಗಳು, ಅರ್ಧ ಏರಿನಲ್ಲಿ ಗಾಡಿ ಸೊರಗಿದರೆ ಪಕ್ಕಕ್ಕೆ ಹಾಕಲೂ ಜಾಗವಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಟೆಕ್ನಿಷಿಯನ್‌ಗೆ ಮುಂದಿನ ಸೀಟು ಬಿಡು, ನಾನು ಹಿಂದೆ ಕೂರುತ್ತೇನೆ. ವಾಸನೆ ಇದೆಯೋ ಇಲ್ಲವೋ ನನ್ನ ಮೂಗೇ ಹೇಳಲಿ.

ನಿನ್ನ
ಅಪ್ಪ