ಮಳೆಗಾಲದ ಚಿತೆಗೆ ಒಣಸೌದೆ ಬೇಕು

ಮಾನ್ಯರೇ,

ಎರಡು ವರ್ಷದ ಹಿಂದೆ ಪುನರ್ವಸು ಮಳೆ ಹಿಡಿದು ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ನಮ್ಮ ದೊಡ್ಡಮ್ಮ ತೀರಿಕೊಂಡರು. ಹೊಸನಗರ ತಾಲ್ಲೂಕಿನ ನಮ್ಮೂರ ರುದ್ರಭೂಮಿಗೆ ತಗಡಿನ ಮಾಡಿದೆ. ಸೌದೆಯೂ ಇತ್ತು. ಮೇ ತಿಂಗಳಲ್ಲಿ ಊರವರೇ ಸೇರಿ ಅಕೇಶಿಯಾ ಕಡಿದು ಒಟ್ಟಿ, ನೀಲಿ ಟಾರ್ಪಾಲನ್ನು ನೆಲಮುಟ್ಟ ಎಳೆದು ಸುತ್ತಲೂ ಕಲ್ಲು ಹೇರಿದ್ದೆವು. ಒಂದು ಹನಿಯೂ ಒಳಗೆ ಇಳಿದಿರಲಿಲ್ಲ. ಆದರೆ ಟಾರ್ಪಾಲು ಎತ್ತಿದರೆ ಒಳಮೈಯೆಲ್ಲ ಬೆವರು, ಕಡಿಗಳ ಮೇಲೆ ಬಿಳಿ ಬೂಷ್ಟು, ಅಡಿಯ ಸಾಲಿನಲ್ಲಿ ಅಣಬೆ. ಮಳೆ ತಡೆಯುವ ಆತುರದಲ್ಲಿ ಮರದೊಳಗಿನ ನೀರು ಆಚೆ ಹೋಗುವ ದಾರಿಯನ್ನೂ ಮುಚ್ಚಿಬಿಟ್ಟಿದ್ದೆವು.

ಚಿತೆ ಹೊತ್ತಿಕೊಳ್ಳಲಿಲ್ಲ. ತುಪ್ಪ ಸುರಿದೆವು, ಸಕ್ಕರೆ ಎರಚಿದೆವು, ಡೀಸೆಲ್ ಹಾಕಿದೆವು. ಹಾಕಿದಷ್ಟೂ ಹೊತ್ತು ಉರಿ, ಆಮೇಲೆ ಬರೀ ಹೊಗೆ. ಕಡಿಗಳ ತುದಿಯಲ್ಲಿ ನೊರೆ ಗುಳ್ಳೆಗಟ್ಟಿ ಸುಂಯ್‌ಗುಡುತ್ತಿತ್ತು. ಯಾರೋ ಹಳೆಯ ಟಯರು ತಂದರು, ದೊಡ್ಡಮ್ಮನ ಮಗ ಬೇಡವೆಂದ. ನಾವು ಮನೆಗೆ ಬಂದು ಸ್ನಾನ ಮಾಡುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಬಾವಿಕಟ್ಟೆಯ ಹತ್ತಿರ ಆತ ಅಂದದ್ದು ಇಷ್ಟೇ: “ಬದುಕಿದ್ದಾಗ ಒಲೆ ಹೊಗೆ ಕುಡಿದಳು. ಹೋಗೋವಾಗ್ಲೂ ಅಮ್ಮನ್ನ ಹೊಗೆಗೇ ಹಾಕಿದ್ವಲ್ಲೋ ತಮ್ಮಾ.”

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಹುಲಿಕಲ್, ಆಗುಂಬೆ ಸುತ್ತಿನ ಮಳೆ ಕಂಡವರಿಗೆ ಇದು ನಮ್ಮೊಂದು ಮನೆಯ ಕಥೆಯಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಈ ಪತ್ರ.

ಈಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರು ಆವಿಯಾಗಿ ಹೋಗುವವರೆಗೆ ಮರದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಚೆನ್ನಾಗಿ ಹೊತ್ತಿ ಉರಿಯಲು 300 ಡಿಗ್ರಿಯಾದರೂ ಬೇಕು. ತೇವ ಶೇ 20ಕ್ಕಿಂತ ಕೆಳಗೆ ಇಳಿದರೆ ಸೌದೆ ಒಣಗಿತು ಅನ್ನಬಹುದು. ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. 2021ರ ಮೇ 1ರಿಂದ ಅಲ್ಲಿ 2 ಘನ ಮೀಟರಿಗಿಂತ ಕಡಿಮೆ ಲೆಕ್ಕದಲ್ಲಿ ಮಾರುವ ಸೌದೆಗೆ ಈ ಶೇ 20ರ ಮಿತಿ ಕಾನೂನೇ ಆಗಿದೆ. ಚಳಿಗಾಲಕ್ಕೆ ಅವಳ ಮನೆಗೆ ಸೌದೆ ಬರುವುದು ಪಕ್ಕಗಳಲ್ಲಿ ಬಲೆಯಿರುವ ದೊಡ್ಡ ಚೀಲದಲ್ಲಿ. ಅವಳು ಕಳಿಸಿದ ಫೋಟೋ ನೋಡಿ ನಾವೂ ಅಂಥ 8 ಜಂಬೋ ಚೀಲ ತರಿಸಿದೆವು. ಆಲೂಗಡ್ಡೆ, ಈರುಳ್ಳಿ ತುಂಬಲು ಬಳಸುವ ಗಾಳಿಯಾಡುವ ಚೀಲದ ಜಾತಿಯೇ ಅದು.

ಜನವರಿಯಲ್ಲಿ ಕಡಿದು, ಒಂದೂಕಾಲು ಅಡಿ ಉದ್ದದ ತುಂಡು ಮಾಡಿ, ಎಲ್ಲವನ್ನೂ ಸೀಳಿದೆವು. ಸೀಳದ ತುಂಡಿನಲ್ಲಿ ತೊಗಟೆಯೇ ನೀರನ್ನು ಹಿಡಿದಿಡುತ್ತದೆ. ಜಂಬಿಟ್ಟಿಗೆ ಸಾಲಿಟ್ಟು ಅದರ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಚೀಲಗಳನ್ನು ಅಲ್ಲೇ ನಿಲ್ಲಿಸಿ ತುಂಬಿದೆವು. ತುಂಬಿದ ಮೇಲೆ ಎಳೆದಾಡುವ ಮಾತೇ ಇಲ್ಲ. ಒತ್ತೊತ್ತಾಗಿ ಜೋಡಿಸಲೂ ಇಲ್ಲ, ಅಡ್ಡಾದಿಡ್ಡಿ ಬಿದ್ದ ಸೀಳುಗಳ ನಡುವೆ ಗಾಳಿ ಓಡಾಡಲಿ ಎಂದು. ಒಂದು ಚೀಲವನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ ತುಂಬಿದ್ದೆವು: 3 ಕ್ವಿಂಟಲ್. ಮೇ ಮೂರನೇ ವಾರದಲ್ಲಿ ಅದನ್ನೇ ತೆಗೆದು ತೂಗಿದರೆ 2 ಕ್ವಿಂಟಲಿಗೆ ಸ್ವಲ್ಪ ಮೇಲೆ. ಒಂದೇ ಚೀಲದಿಂದ ಹತ್ತಿರ ಹತ್ತಿರ 100 ಲೀಟರ್ ನೀರು ಗಾಳಿಗೆ ಹೋಗಿತ್ತು! ತುದಿಗಳಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿತ್ತು, ಎರಡು ಸೀಳು ತಾಗಿಸಿದರೆ ಟಣ್ ಎನ್ನುತ್ತಿತ್ತು. ಹಸಿಯಿದ್ದಾಗ ಅದೇ ಸೀಳು ದಬ್ ಎಂದಿತ್ತು.

ರೋಹಿಣಿ ಮಳೆಗೆ ಮುಂಚೆ ಚೀಲದ ತಲೆಗೆ ಮಾತ್ರ ಹೊದಿಕೆ ಹಾಕಿ ಪಕ್ಕಗಳನ್ನು ಹಾಗೇ ಬಿಟ್ಟೆವು. ತಗಡಿನ ಮಾಡಿನಡಿ, ಗಾಳಿಮಳೆಯ ಇರಸಲು ಹೊಡೆಯದಷ್ಟು ಒಳಗೆ ಇಟ್ಟದ್ದರಿಂದ ಸಾಕಾಯಿತು. ಬಿಸಿಲಿನಲ್ಲೇ ಉಳಿದ ಒಂದು ಚೀಲ ಮಾತ್ರ ಹಾಳಾಯಿತು. ದೀಪಾವಳಿ ಹೊತ್ತಿಗೆ ಅದರ ಹಿಡಿಕೆ ಮುಟ್ಟಿದರೆ ಬಿಳಿ ಪುಡಿ ಉದುರುತ್ತಿತ್ತು. ಈ ಪ್ಲಾಸ್ಟಿಕ್ ನೇಯ್ಗೆಗೆ ಬಿಸಿಲಾಗದು. ಹರಿದದ್ದನ್ನು ಸುಡಬೇಡಿ, ಗುಜರಿಗೆ ಕೊಡಿ. ಇನ್ನು ಚಿತೆಯ ಅಡಿಗೆ ಬೇಕಾದ ಉದ್ದನೆಯ ಕೊರಡುಗಳಿಗೆ ಚೀಲ ಉಪಯೋಗವಿಲ್ಲ, ಅವನ್ನು ದಬ್ಬೆಯ ಮೇಲೆ ಬಿಡಿಬಿಡಿಯಾಗಿ ಅಡ್ಡ ಜೋಡಿಸಿದ್ದೇವೆ. ಉರಿ ಹಿಡಿಸುವುದು, ಉಳಿಸುವುದು ಸಣ್ಣ ಸೀಳೇ.

ಕಳೆದ ಪುಷ್ಯ ಮಳೆಯಲ್ಲಿ ನಮ್ಮೂರಲ್ಲಿ ಒಬ್ಬ ಹಿರಿಯರು ಹೋದರು. ಎರಡೂವರೆ ಚೀಲ ಸೌದೆ ಹಿಡಿಯಿತು. ಡೀಸೆಲ್ ಕ್ಯಾನು ತಂದಿದ್ದರು, ಮುಚ್ಚಳ ತೆಗೆಯಲಿಲ್ಲ. ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರಿದೆವು. ದೊಡ್ಡಮ್ಮನ ಮಗ ಕೊನೆಯವರೆಗೂ ಚಿತೆಯ ಹತ್ತಿರವೇ ನಿಂತಿದ್ದ.

ಅನೇಕ ಪಂಚಾಯಿತಿಗಳು ರುದ್ರಭೂಮಿಗೆ ಬೇಲಿ, ಮಾಡು, ನೀರಿನ ಟ್ಯಾಂಕು ಮಾಡಿಸಿವೆ. ಅದು ಒಳ್ಳೆಯ ಕೆಲಸ. ಆದರೆ ಸೌದೆ ಕೋಣೆ ಕಟ್ಟಿಸುವಾಗ ನಾಲ್ಕೂ ಕಡೆ ಗೋಡೆ ಎಬ್ಬಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಾಡು ಸಾಕು, ಮಾಡಿನ ಸೆರಗು ಉದ್ದ ಇರಲಿ. ಮಲೆನಾಡಿನ ಪ್ರತಿ ಪಂಚಾಯಿತಿಯೂ ಜನವರಿಯಲ್ಲೇ ಸೌದೆ ಸೀಳಿಸಿ ಚೀಲಕ್ಕೆ ತುಂಬಿಸಲಿ. ಅರಣ್ಯ ಇಲಾಖೆ ಅಕೇಶಿಯಾ ನೆಡುತೋಪು ಕಡಿಸುವಾಗ ರೆಂಬೆಗಳನ್ನು ಇದಕ್ಕೆಂದು ಕೊಡಲಿ. ಸಹಕಾರ ಸಂಘಗಳು ಮಳೆಗಾಲಕ್ಕೆ ಟಾರ್ಪಾಲು ತರಿಸುವಂತೆ ಬೇಸಿಗೆಗೆ ಈ ಚೀಲಗಳನ್ನೂ ತರಿಸಿಟ್ಟರೆ ಬಚ್ಚಲ ಹಂಡೆಗೆ ಸೌದೆ ಒಟ್ಟುವವರೂ ಒಯ್ಯುತ್ತಾರೆ.

ನಮ್ಮ ಈ ವರ್ಷದ 8 ಚೀಲ ಮೊನ್ನೆ ಭಾನುವಾರ ತುಂಬಿದೆವು. ಸೀಳುಗಳು ಈಗ ಹಸಿಯಾಗಿಯೇ ಇವೆ. ರೋಹಿಣಿ ಮಳೆಗೆ ಇನ್ನೂ ನಾಲ್ಕು ತಿಂಗಳಿದೆ.

– ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು