ಗೀತಾಳ ಸೈಕಲ್ ಬಿಡಿಸಬೇಡಿ ಅಪ್ಪ

ಮೋರ್ಲಿ, ಲೀಡ್ಸ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ಸುಮಾಳ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಆರಾಮ ಇದ್ದೇನೆ. ಅವ್ವ, ಅಣ್ಣ, ವೈನಿ, ಮಕ್ಕಳು ಎಲ್ಲರೂ ಆರಾಮ ಅಂದುಕೊಂಡಿದ್ದೇನೆ.

ನಿಮ್ಮ ಪತ್ರ ಮುಟ್ಟಿತು. ತಂಗಿ ಗೀತಾಳಿಗೆ ಮಾಮಾ ತಂದಿರುವ ಜಮಖಂಡಿ ಸಂಬಂಧದ ವಿಷಯ ಓದಿದೆ. ಹುಡುಗ ಒಳ್ಳೆಯವನು, ಹೊಲ ಮನೆ ಇದೆ, ಎಲ್ಲ ಸರಿ. ಆದರೆ ಲಗ್ನ ಆದ ಮೇಲೆ ಸೈಕಲ್ ರೇಸ್ ಬಿಡಬೇಕು ಅಂತ ಅವರು ಈಗಲೇ ಹೇಳಿದ್ದಾರೆ, ನೀವೂ ಹೂಂ ಅನ್ನೋ ವಿಚಾರದಲ್ಲಿದ್ದೀರಿ. ಅದನ್ನು ಓದಿ ನನಗೆ ನಿದ್ದೆ ಹತ್ತಲಿಲ್ಲ.

ನಾನಿರುವ ಈ ಮೋರ್ಲಿಯಲ್ಲಿ ಬೆರಿಲ್ ಬರ್ಟನ್ ಅನ್ನುವವರ ಹೆಸರಿನ ಒಂದು ಸಣ್ಣ ತೋಟವಿದೆ. ಗೋಡೆಯ ಮೇಲೆ ಅವರು ಸೈಕಲ್ ಹೊಡೆಯುವ ದೊಡ್ಡ ಚಿತ್ರ. ಊರಿನ ಹೆಣ್ಣುಮಗಳೊಬ್ಬಳ ಸೈಕಲ್‌ಗೆ ಇಷ್ಟು ಮರ್ಯಾದೆ! ಅವರು 1937ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಮೈಗೆ ಜಾಸ್ತಿ ದಣಿವು ಮಾಡಿಕೊಳ್ಳಬೇಡ ಅಂದಿದ್ದರಂತೆ ಡಾಕ್ಟರು. ಗೀತಾಳ ಟೈಫಾಯಿಡ್ ನೆನೆಸಿಕೊಂಡು ಹೆದರುವ ಅವ್ವನಿಗೆ ಇದನ್ನು ಓದಿ ಹೇಳಿ.

ಮುಖ್ಯ ಮಾತು ಈಗ ಬರೆಯುತ್ತೇನೆ. ಬೆರಿಲ್ ಅವರನ್ನು ಸೈಕಲ್‌ಗೆ ಹಚ್ಚಿದವರೇ ಅವರ ಗಂಡ ಚಾರ್ಲಿ. 1955ರಲ್ಲಿ ಮದುವೆ, ಮರುವರ್ಷ ಮಗಳು ಡೆನೀಸ್. ಅದಾದ ಮೇಲೆ, 1959ರಲ್ಲಿ ಮೊದಲ ವಿಶ್ವ ಪ್ರಶಸ್ತಿ. ರಸ್ತೆ ರೇಸಿನಲ್ಲಿ 1960 ಮತ್ತು 1967ರಲ್ಲಿ, ಟ್ರ್ಯಾಕಿನ ಮೇಲೆ ಇಬ್ಬರು ಎದುರುಬದುರು ಜಾಗದಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವ ಪರ್ಸೂಟ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್. ಬೇರೆ ಬೇರೆ ದೂರದ ರೇಸುಗಳ ಸರಾಸರಿ ವೇಗ ನೋಡಿ ಕೊಡುವ, ಬ್ರಿಟನ್ನಿನ ಅತ್ಯುತ್ತಮ ಆಲ್‌ರೌಂಡರ್ ಪಟ್ಟ 1959ರಿಂದ 1983ರವರೆಗೆ ಸತತ 25 ವರ್ಷ ಅವರದೇ! ಸೈಕಲ್ ರಿಪೇರಿ, ರೇಸಿಗೆ ಕರೆದೊಯ್ಯುವುದು, ಎಲ್ಲ ಚಾರ್ಲಿ ಮಾಡುತ್ತಿದ್ದರು. ಮಗಳೂ ರೇಸಿಗೆ ಇಳಿದು 1976ರ ರಾಷ್ಟ್ರೀಯ ರಸ್ತೆ ರೇಸಿನಲ್ಲಿ ತಾಯಿಯನ್ನೇ ಸೋಲಿಸಿದಳು.

ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಸೈಕಲ್ ರೇಸ್ ಬಂದಿದ್ದೇ 1984ರಲ್ಲಿ. ಅಷ್ಟರಲ್ಲಿ ಬೆರಿಲ್ ಅವರ ಒಳ್ಳೆಯ ವರ್ಷಗಳು ಮುಗಿದಿದ್ದವು. ಇದು ನನಗೆ ಬಹಳ ನೋವಿನ ವಿಷಯ. ಗೀತಾಳಿಗೆ ಅಂಥ ಅಡ್ಡಿ ಇಲ್ಲ ಅಲ್ವಾ? ನಮ್ಮ ವಿಜಯಪುರದಲ್ಲೇ ಸೈಕ್ಲಿಂಗ್ ಕ್ರೀಡಾ ಹಾಸ್ಟೆಲ್ ಇದೆ. ನಾವೇ ಯಾಕೆ ತಡೆಯಬೇಕು?

1967ರ ಒಂದು ರೇಸ್ ಅಣ್ಣನಿಗೆ ಹೇಳಲೇಬೇಕು. 12 ಗಂಟೆಯಲ್ಲಿ ಯಾರು ಎಷ್ಟು ದೂರ ಹೋಗುತ್ತಾರೆ ಅನ್ನುವ ಪಂದ್ಯ. ಗಂಡಸರು ಮೊದಲು ಹೊರಟರು, ಬೆರಿಲ್ ಅವರ ಹಿಂದೆ. ಅವತ್ತೇ ಗಂಡಸರ ದಾಖಲೆ ಮುರಿಯಲಿದ್ದ ಮೈಕ್ ಮ್ಯಾಕ್‌ನಮಾರ ಅವರನ್ನೂ ಹಿಂದಿನಿಂದ ಬಂದು ಹಿಡಿದರು. ದಾಟುವಾಗ ಅವರ ಕೈಗೆ ಒಂದು ಮಿಠಾಯಿ ಕೊಟ್ಟು ಮುಂದೆ ಹೋದರು. ಒಟ್ಟು 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರ್. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗಿ ಬಂದರೂ ದಾರಿ ಮಿಗುತ್ತದೆ. ಹೆಂಗಸರಲ್ಲಿ ಆ ದಾಖಲೆ 2017ರವರೆಗೂ ಉಳಿಯಿತು.

ಇಷ್ಟೆಲ್ಲ ಆದರೂ ಬೆರಿಲ್ ಅವರ ಕೆಲಸ ಹೊಲದಲ್ಲಿ, ರುಬಾರ್ಬ್ ಬೆಳೆಯುವ ಕಡೆ ಇತ್ತು. ಅದೊಂದು ಕೆಂಪು ದಂಟು, ನಮ್ಮ ಪುಂಡಿಪಲ್ಲೆಯ ಹಾಗೆ ಹುಳಿ. ಚಳಿಗಾಲದಲ್ಲಿ ಕತ್ತಲ ಕೋಣೆಯಲ್ಲಿ ಬೆಳೆಸಿ ಮೇಣದಬತ್ತಿ ಬೆಳಕಲ್ಲಿ ಕೀಳುತ್ತಾರೆ. ಆ ಹುಳಿಗೆ ಸಕ್ಕರೆ ಸುರಿದು ಸಿಹಿ ಮಾಡಿ ತಿನ್ನುತ್ತಾರೆ ಅಪ್ಪ, ಅವ್ವ ನಂಬಲಿಕ್ಕಿಲ್ಲ!

ಹುಡುಗನನ್ನೇ ಒಮ್ಮೆ ಮನೆಗೆ ಕರೆಸಿ. ಗೀತಾ ತಾನೇ ಕೇಳಲಿ. ರೇಸಿಗೆ ಜೊತೆ ಬರುತ್ತೀನಿ ಅಂದರೆ ನಾನೂ ಖುಷಿಯಿಂದ ಒಪ್ಪುತ್ತೇನೆ. ಒಲ್ಲೆ ಅಂದರೆ ಮಾಮಾನಿಗೆ ನಾನೇ ಮಾತಾಡುತ್ತೇನೆ, ನೀವು ಸಂಕೋಚ ಮಾಡಬೇಡಿ. ಅವಳ ಬಿ.ಎ. ಮುಗಿಯುವವರೆಗೆ ಯಾರಿಗೂ ಮಾತು ಕೊಡಬೇಡಿ. ಟಿಕೋಟಾ ರಸ್ತೆಯಲ್ಲಿ ಲಾರಿ ಜಾಸ್ತಿ, ನಸುಕಿನಲ್ಲಿ ಹೋಗುವಾಗ ಹಿಂದಿನ ಲೈಟ್ ಹಾಕಲಿ, ಅಣ್ಣ ಗಾಡಿ ತಗೊಂಡು ಜೊತೆಗೆ ಹೋಗಲಿ. ಹೊಸ ಟೈರಿನ ರೊಕ್ಕ ನಾನು ಕಳಿಸುತ್ತೇನೆ.

ನನ್ನ ಚಿಂತೆ ಬೇಡ. ಚಳಿ ರೂಢಿಯಾಗಿದೆ, ಊಟ ಚೆನ್ನಾಗಿದೆ, ರೊಕ್ಕ ಸಾಕಷ್ಟಿದೆ, ಕೆಮ್ಮು ಪೂರ್ತಿ ಹೋಗಿದೆ. ನಿಜವಾಗಿಯೂ ಹೋಗಿದೆ. ನೀವು ಬಿಪಿ ಗುಳಿಗೆ ತಪ್ಪಿಸಬೇಡಿ. ರಾತ್ರಿ ಪಾಳಿಗೆ ಹೊತ್ತಾಯಿತು, ಬಸ್ ತಪ್ಪುತ್ತದೆ. ಭಾನುವಾರ ಫೋನ್ ಮಾಡುತ್ತೇನೆ, ಗೀತಾ ಮನೆಯಲ್ಲಿರಲಿ.

ನಿಮ್ಮ ಮಗಳು
ಸುಮಾ