ಏಳರ ಮುಂದಿನ ಎಣಿಕೆ

ಪ್ರೀತಿಯ ಪುಟ್ಟ,

ನಿನ್ನ ಕಾಗದ ಮೂರು ಸಲ ಓದಿದೆ. ನೀನೂ ತಂಗಿಯೂ ಡಿಎನ್‌ಎ ಪರೀಕ್ಷೆ ಮಾಡಿಸಿದಿರಿ. ಅಜ್ಜಿಯ ಜನಾಂಗದ ಪಾಲು ಅವಳಿಗೆ ಶೇ. 29 ಬಂತು, ನಿನಗೆ 19. "ಹಾಗಾದ್ರೆ ನಾನೇ ಜಾಸ್ತಿ ಅಜ್ಜಿ ಮೊಮ್ಮಗಳು" ಅಂತ ಅವಳು ಎಲ್ಲರ ಮುಂದೆ ಹೇಳಿದಳು, ನೀನು ನಕ್ಕು ಸುಮ್ಮನಾದೆ. ಆ ನಗು ಎಂಥದ್ದು ಅಂತ ನನಗೆ ಗೊತ್ತು. ಚಿಕ್ಕಂದಿನಿಂದಲೂ ನಿನಗೆ ನೋವಾದರೆ ನೀನು ಹಾಗೇ ನಗೋದು.

ಮೊದಲು ಆ ಲೆಕ್ಕ ನೋಡೋಣ. ನಮ್ಮ ಜೀವಕೋಶದಲ್ಲಿ ಡಿಎನ್‌ಎ ಹೊತ್ತ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪ ಕೊಟ್ಟದ್ದು, ಇನ್ನೊಂದು ಅಮ್ಮ ಕೊಟ್ಟದ್ದು. ಆದರೆ ಅಮ್ಮ ಕೊಟ್ಟದ್ದರಲ್ಲಿ ಅವಳ ಅಮ್ಮನದೆಷ್ಟು, ಅವಳ ಅಪ್ಪನದೆಷ್ಟು ಅನ್ನುವುದು ಯಾರ ಕೈಯಲ್ಲೂ ಇಲ್ಲ. ಎರಡು ಬಣ್ಣದ ಎರಡು ಮಣಿಸರಗಳನ್ನು ಅಲ್ಲಲ್ಲಿ ಕತ್ತರಿಸಿ, ಇದರ ತುಂಡಿಗೆ ಅದರ ತುಂಡು ಸೇರಿಸಿ ಒಂದು ಸರ ಪೋಣಿಸಿದ ಹಾಗೆ. ಪ್ರತಿ ಮಗುವಿಗೂ ಪ್ರಕೃತಿ ಹೊಸದಾಗಿ ಪೋಣಿಸುತ್ತದೆ. ಅದಕ್ಕೇ ಅಜ್ಜಿಯ ಪಾಲು ಸರಾಸರಿ ಶೇ. 25 ಆದರೂ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ಅಂಕಿ ಬೇರೆ ಬೇರೆ ಬರುವುದೇ ಸಹಜ, ಕಣೋ.

ಇನ್ನೊಂದು ಮಾತು. ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಅಂತ ಪುಟ್ಟ ಭಾಗಗಳಿವೆ. ಅವಕ್ಕೆ ತಮ್ಮದೇ ಡಿಎನ್‌ಎ ಇದೆ. ಅದು ತಾಯಿಯಿಂದ ಮಾತ್ರ ಬರುತ್ತದೆ, ಕಲೆಸಿ ಹೋಗುವುದಿಲ್ಲ. ಅಜ್ಜಿಯದು ನಿನ್ನ ಅಮ್ಮನಿಗೆ ಬಂತು, ಅವಳ ಅಕ್ಕನಾದ ನನಗೂ ಬಂತು, ಅಮ್ಮನಿಂದ ನಿಮ್ಮಿಬ್ಬರಿಗೂ ಒಂದೇ ಸಮ ಬಂತು. ಹಾಗಂತ ಇದನ್ನು ಹಿಡಿದುಕೊಂಡು ತಂಗಿ ಹತ್ತಿರ ವಾದಕ್ಕೆ ಹೋಗಬೇಡ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1024 ಜಾಗಗಳಿವೆ. ಈ ಎಳೆ ಅದರಲ್ಲಿ ಒಬ್ಬಳನ್ನು ಮಾತ್ರ ಮುಟ್ಟುತ್ತದೆ. ಉಳಿದವರಲ್ಲಿ ಎಷ್ಟೋ ಜನರ ಡಿಎನ್‌ಎ ಒಂದು ಚೂರೂ ನಿನ್ನಲ್ಲಿ ಉಳಿದಿರುವುದಿಲ್ಲ. ಆದರೂ ಅವರು ಬದುಕಿ ಬಾಳಿದ್ದಕ್ಕೇ ನೀನಿದ್ದೀಯ, ಅಲ್ವಾ?

ಆ ಶೇಕಡಾ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ತಿಳಿದುಕೊ. ಪರೀಕ್ಷೆ ಮಾಡುವ ಕಂಪನಿಯವರು ನಿನ್ನ ಜೊಲ್ಲನ್ನು ಸತ್ತುಹೋದ ಹಿರಿಯರ ಜೊತೆ ಹೋಲಿಸುವುದಿಲ್ಲ. ಇವತ್ತು ಬದುಕಿರುವ ಒಂದಷ್ಟು ಜನರ ಮಾದರಿಗಳ ಜೊತೆ ಹೋಲಿಸಿ ಅಂದಾಜು ಹೇಳುತ್ತಾರೆ. ಮಾದರಿಗಳು ಜಾಸ್ತಿಯಾದಾಗ, ಲೆಕ್ಕದ ವಿಧಾನ ಬದಲಾದಾಗ ನಿನ್ನ ಅಂಕಿಯೂ ಬದಲಾಗುತ್ತದೆ. ಇವತ್ತಿನ 19 ಬರುವ ವರ್ಷವೂ 19 ಆಗಿಯೇ ಇರಬೇಕೆಂದಿಲ್ಲ. ರಿಚರ್ಡ್ ಲೆವಾಂಟಿನ್ ಎಂಬ ವಿಜ್ಞಾನಿ 1972ರಲ್ಲೇ ತೋರಿಸಿದ್ದರು: ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆ, ಸಮುದಾಯಗಳ ನಡುವೆ ಇರುವುದು ಉಳಿದಷ್ಟು ಮಾತ್ರ.

ರಕ್ತದ ಪಾಲು ಅಳೆಯುವ ಆಟ ಹಿಂದೆ ಆಟವಾಗಿರಲಿಲ್ಲ, ಪುಟ್ಟ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 1924ರ ಕಾನೂನು ಯಾರು ಬಿಳಿಯರು ಅನ್ನುವುದನ್ನು ರಕ್ತದ ಪಾಲಿನಿಂದ ತೀರ್ಮಾನಿಸಿ, ಬಿಳಿಯರು ಬೇರೆಯವರನ್ನು ಮದುವೆಯಾಗದಂತೆ ತಡೆಯಿತು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಥ ನಿಷೇಧವನ್ನು ತೆಗೆದುಹಾಕಿತು. ಆಗ ನಾನು ಹುಟ್ಟಿದ್ದೆ. ಅಷ್ಟು ಹತ್ತಿರದ ಕಾಲದ ಮಾತಿದು.

ಹಾಗಂತ ಗೆಳೆಯರು ತಮ್ಮ ಅಂಕಿ ಹೇಳಿ ಖುಷಿಪಟ್ಟರೆ ಅವರ ಖುಷಿ ಕೆಡಿಸಬೇಡ. ಕೆಲವರಿಗೆ ಉಳಿದಿರುವ ಎಳೆ ಅದೊಂದೇ. ಅಮೆರಿಕದಲ್ಲಿ ಗುಲಾಮರಾಗಿದ್ದ ಬಹುಪಾಲು ಜನರ ಹೆಸರು ದೇಶದ ಜನಗಣತಿಯಲ್ಲಿ ಮೊದಲ ಸಲ ಬಂದದ್ದೇ 1870ರಲ್ಲಿ. ಅದಕ್ಕೂ ಹಿಂದಿನ ಅಜ್ಜ ಅಜ್ಜಿಯರನ್ನು ಹುಡುಕುವವರು ಇನ್ನೆಲ್ಲಿಗೆ ಹೋಗಬೇಕು ಹೇಳು. ದತ್ತು ಹೋದ ಮಕ್ಕಳದ್ದೂ ಹಾಗೆಯೇ. ನಿನಗೆ ಹೇಳುವವರು ಇನ್ನೂ ಇದ್ದಾರೆ.

ಆ ಪರೀಕ್ಷೆಯಲ್ಲಿ ಸಂಬಂಧಿಕರನ್ನು ಹುಡುಕುವ ಸೌಲಭ್ಯ ಇರುತ್ತದಂತೆ. ಅದನ್ನು ಶುರು ಮಾಡುವ ಮುಂಚೆ ಮನೆಯವರನ್ನು ಒಂದು ಮಾತು ಕೇಳು. ನಿನ್ನ ಡಿಎನ್‌ಎಯ ಸುಮಾರು ಕಾಲು ಭಾಗ ನನ್ನದರ ಜೊತೆ ಹೊಂದುತ್ತದೆ. ನೀನು ನಿನ್ನದನ್ನು ಕೊಟ್ಟರೆ ನನ್ನದನ್ನೂ ಕೊಟ್ಟ ಹಾಗೇ.

ಈಗ ನಾನು ಯಾರಿಗೂ ಹೇಳದ ಒಂದು ವಿಷಯ. ನನಗಾಗ ಹನ್ನೊಂದು ವರ್ಷ. ಜೊತೆಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ನೀನು ನಿಜವಾಗ್ಲೂ ಯಾವ ಕಡೆಯವಳು?" ಅಂತ ಕೇಳಿದಳು. ನಾನು ಅಪ್ಪನ ಕಡೆ ಹೆಸರು ಹೇಳಿದೆ. ಅದೊಂದೇ ಹೇಳಿದೆ. ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ಹಿಂದೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು, ಎಷ್ಟಾಯಿತು ಅಂತ ತನ್ನ ಭಾಷೆಯಲ್ಲಿ ಮೆಲ್ಲಗೆ ಎಣಿಸುತ್ತಿದ್ದಳು. ನನ್ನ ಮಾತು ಕೇಳಿ ಎಣಿಕೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದಳು, ಈ ಸಲ ತುಟಿ ಆಡಿಸುತ್ತಾ, ಸದ್ದಿಲ್ಲದೆ.

ಅವತ್ತಿನಿಂದ ಅವಳು ತನ್ನ ಭಾಷೆಯಲ್ಲಿ ಕೇಳಿದ್ದಕ್ಕೆಲ್ಲ ನಾನು ನಮ್ಮ ಭಾಷೆಯಲ್ಲೇ ಉತ್ತರ ಕೊಟ್ಟೆ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಇವತ್ತು ನನಗೆ ಉಳಿದಿರುವುದು ಬೆರಳೆಣಿಕೆಯಷ್ಟು ಮಾತು. ಬಾ, ಮಲಗು, ನೋಯ್ತಾ, ಅಷ್ಟೇ. ನನ್ನ ವರದಿ ಬಂದರೆ ಅದರಲ್ಲಿ ಶೇ. 50 ಅಂತ ಇರಬಹುದು. ಆ 50 ತಗೊಂಡು ನಾನೇನು ಮಾಡಲಿ?

ನಿನಗೆ ನೆನಪಿದೆಯೋ ಇಲ್ಲವೋ, ಮೂರು ವರ್ಷದವನಿದ್ದಾಗ ನೀನು ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಒಂದೊಂದು ಮೆಟ್ಟಿಲಿಗೂ ಅವಳ ಭಾಷೆಯ ಒಂದೊಂದು ಅಂಕಿ, ಜೋರಾಗಿ. ಏಳು ಮೆಟ್ಟಿಲಿದ್ದವು, ಅದಕ್ಕೇ ನಿನಗೆ ಏಳರವರೆಗೆ ಬರುತ್ತಿತ್ತು. ಅಷ್ಟು ವರ್ಷ ಸದ್ದಿಲ್ಲದೆ ಎಣಿಸಿದವಳು ಮತ್ತೆ ಬಾಯಿಬಿಟ್ಟು ಎಣಿಸಿದ್ದು ನಿನ್ನ ಜೊತೆ. ತಂಗಿ ಹುಟ್ಟುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ತಂಗಿಗೆ ಅದನ್ನು ಹೇಳಿಕೊಡು. ಸೋಲಿಸುವುದಕ್ಕಲ್ಲ, ಅವಳಿಗೂ ಬೇಕು ಅದು.

ಅಜ್ಜಿಯ ತಂಗಿ, ಆ ಚಿಕ್ಕಜ್ಜಿ, ಇನ್ನೂ ಇದ್ದಾರೆ. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚೆನ್ನಾಗಿದೆ. ಹಳೆಯ ಫೋಟೋಗಳ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದ ಹೆಸರುಗಳು ಮಾಸುತ್ತಿವೆ. ಅವನ್ನು ತಗೊಂಡು ಇಬ್ಬರೂ ಹೋಗಿ ಬನ್ನಿ. ಅವರು ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಏಳರ ಮುಂದಿನ ಅಂಕಿ ಏನು ಅಂತ ಕೇಳಿ ನನಗೂ ಬರೆದು ಕಳಿಸು. ನನಗೆ ಮರೆತೇ ಹೋಗಿದೆ.

ನಿನ್ನ,
ದೊಡ್ಡಮ್ಮ